ಏಳು ಬಾಟಲಿಗಳ ಹೆಸರು

ನವೆಂಬರ್ ೯, ಶನಿವಾರ

ಪ್ರೀತಿಯ ಕುಳ್ಳಿಗೆ,

ಅಕ್ಕನ ನೆನಪುಗಳು. ನೀನು ಪತ್ರ ಹಾಕಿ ಐದು ವಾರವಾಯಿತು. ಆಮೇಲೆ ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಕೆಲಸ ಜಾಸ್ತಿ ಎಂದು ಒಂದು ಸಾಲಿನ ಮೆಸೇಜ್ ಹಾಕಿ ಸುಮ್ಮನಾದೆ. ಕೆಲಸವೇನೂ ಜಾಸ್ತಿ ಇರಲಿಲ್ಲ. ಫೋನಿನಲ್ಲಿ ನನಗೆ ಸುಳ್ಳು ಬಹಳ ಸಲೀಸಾಗಿ ಬರುತ್ತದೆ, ಅದಕ್ಕೇ ಎತ್ತಲಿಲ್ಲ. ಕಾಗದದ ಮೇಲೆ ಬರೆದದ್ದನ್ನು ಮಡಚುವ ಮುಂಚೆ ಒಮ್ಮೆ ಓದಬೇಕಾಗುತ್ತದೆ, ಅಲ್ಲಿ ಅಷ್ಟು ಸಲೀಸಲ್ಲ. ತಡವಾಯಿತೆಂದು ಬೈಯಬೇಕೆನಿಸಿದರೆ ಈಗಲೇ ಬೈದು ಮುಗಿಸು. ಮುಂದೆ ಬೈಯಲು ಬೇರೆ ವಿಷಯಗಳಿವೆ.

ಮೊದಲು ಮುಖ್ಯವಾದದ್ದು, ಯಾಕೆಂದರೆ ನೀನು ಗಿರಾಕಿಯ ತಲೆಗೆ ಬಣ್ಣ ಹಚ್ಚಿ ಕೂರಿಸಿ, ಪತ್ರವನ್ನು ಅರ್ಧ ಓದಿ ಜೇಬಿಗಿಡುವವಳು. ನಾನು ಕಳಿಸುವ ಬಿಳಿ ಡಬ್ಬಿಯ ಕ್ರೀಮನ್ನು ಇವತ್ತಿನಿಂದ ಮುಟ್ಟಬೇಡ. ಎಸೆಯಲೂ ಬೇಡ. ಮುಚ್ಚಳ ಬಿಗಿಮಾಡಿ, ಬರುವ ಶುಕ್ರವಾರ ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿ. ಈ ಲಕೋಟೆಯಲ್ಲಿ ಬೇರೆಯಾಗಿ ಮಡಚಿದ ಒಂದು ಹಾಳೆ ಇದೆ, ಅದನ್ನೂ ಅವರ ಕೈಗೆ ಕೊಡು. ಕೊರಿಯರಿನವನು ಮಂಗಳವಾರದೊಳಗೆ ತಲುಪಿಸುತ್ತೇನೆ ಎಂದಿದ್ದಾನೆ. ಅವನ ಬಾಯಿಗೆ ಸಕ್ಕರೆ ಬೀಳಲಿ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಗಳಲ್ಲಿ ಹರಿಯತೊಡಗಿದೆ. ಬೆರಳ ಸಂದಿಗಳು ಒಡೆದು ನೀರು ಸೋಕಿದರೆ ಉರಿಯುತ್ತದೆ, ಕತ್ತರಿಯ ಉಂಗುರದೊಳಗೆ ಹೆಬ್ಬೆರಳು ತೂರಿಸಿದರೆ ರಕ್ತ ಜಿನುಗುತ್ತದೆ ಎಂದು ಬರೆದಿದ್ದೆ. ಡಾಕ್ಟರಮ್ಮ ನಿನ್ನ ಬೆನ್ನಿಗೆ ಸಾಲುಸಾಲಾಗಿ ಪುಟ್ಟ ಪಟ್ಟಿ ಅಂಟಿಸಿ, ಎರಡು ದಿನ ಸ್ನಾನ ಬೇಡವೆಂದು ಕಳಿಸಿ, ಆಮೇಲೆ ಕಿತ್ತು ನೋಡಿದಾಗ ಒಂದು ಪಟ್ಟಿಯ ಜಾಗ ಮಾತ್ರ ಕೆಂಪಗೆ ಊದಿತ್ತು. ಅದು ಪರಿಮಳದ ಮಿಶ್ರಣ ಹಚ್ಚಿದ್ದ ಜಾಗ. "ಸೆಂಟಿರೋದು ಏನೇನು ಮುಟ್ತೀರಾ?" ಎಂದು ಅವರು ಕೇಳಿದರು. ನೀನು ಆಣೆ ಮಾಡಿ ಹೇಳಿದೆ: ಪೌಡರ್ ಬಿಟ್ಟು ಎಂಟು ತಿಂಗಳಾಯ್ತು, ಸೋಪು ಬದಲಾಯಿಸಿದ್ದೀನಿ, ಅಂಗಡಿಯಲ್ಲಿ ಶಾಂಪೂ ಮುಟ್ಟೋದಕ್ಕೆ, ಬಣ್ಣ ಕಲಸೋದಕ್ಕೆ ಎರಡು ಜೊತೆ ಗ್ಲೌಸ್ ಹಾಕ್ತೀನಿ. "ಬರಿಗೈಗೆ ಹಚ್ಚೋದು ಒಂದೇ ಒಂದು, ನಮ್ಮಕ್ಕ ಕಳಿಸೋ ಕ್ರೀಮು. ಅದಕ್ಕೆ ವಾಸನೇನೇ ಇಲ್ಲ."

ಡಾಕ್ಟರಮ್ಮ ಆ ಒಂದನ್ನು ಬಿಟ್ಟು ಉಳಿದದ್ದರ ಮೇಲೆ ಅನುಮಾನಪಟ್ಟರು. "ಹಾಗಾದ್ರೆ ನಿಮ್ಮ ಕಸುಬೇ ಕಾರಣ ಇರಬೇಕು, ಬಿಡೋದು ವಾಸಿ" ಎಂದರು. ಪಾರ್ಲರಿನ ಮಾಲಕಿ ನವೆಂಬರ್ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ನಿನ್ನ ಕುರ್ಚಿಗೆ ಬೇರೆಯವಳನ್ನು ಕೂರಿಸುತ್ತೇನೆ ಎಂದಳು. ಇಪ್ಪತ್ತೊಂದು ವರ್ಷ ನಿಂತು ದುಡಿದ ಕುರ್ಚಿ ಅದು. ಪತ್ರದ ಕೊನೆಗೆ ನೀನು ಕೇಳಿದ ಪ್ರಶ್ನೆ ಒಂದೇ ಸಾಲಿನದು: "ಅಕ್ಕ, ಬೇಜಾರು ಮಾಡ್ಕೋಬೇಡ, ನಿನ್ನ ಕ್ರೀಮಲ್ಲಿ ಸೆಂಟು ಇಲ್ಲ ತಾನೇ?"

ಇದೆ, ಕುಳ್ಳಿ. ಹಾಕಿದವಳು ನಾನೇ.

ನಾನು ಏನು ಕೆಲಸ ಮಾಡುತ್ತೇನೆ ಎಂದು ನೀನು ಜನರಿಗೆ ಹೇಳುವ ರೀತಿ ನನಗೆ ಗೊತ್ತು: "ನಮ್ಮಕ್ಕ ಮೂಸಿ ಮೂಸಿ ಸಂಬಳ ತಗೋತಾಳೆ." ಸುಳ್ಳೇನಲ್ಲ. ನಮ್ಮ ಕ್ರೀಮಿನ ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಮೂಗಮ್ಮ ಎಂದೇ ಕರೆಯುವುದು. ಮಿಶ್ರಣದ ಕೋಣೆಯಲ್ಲಿ ಕಪಾಟಿನ ತುಂಬ ಕಂದು ಬಾಟಲಿಗಳಿವೆ, ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆ. ಗುಟ್ಟು ಹೊರಗೆ ಹೋಗದಿರಲಿ ಎಂದು ಮೊದಲಿನಿಂದ ಬಂದ ಪದ್ಧತಿ. ಹದಿನೇಳನ್ನು ಇಷ್ಟು ಗ್ರಾಂ, ನಲವತ್ತೆರಡನ್ನು ಇಷ್ಟು ಗ್ರಾಂ ಎಂದು ಚೀಟಿ ಬರುತ್ತದೆ, ನಾವು ತೂಗಿ ಬೆರೆಸುತ್ತೇವೆ. ಹದಿನೆಂಟು ವರ್ಷಗಳಿಂದ ಆ ಬಾಟಲಿಗಳೊಡನೆ ಬಾಳಿದ್ದೇನೆ. ಕಣ್ಣು ಕಟ್ಟಿ ಮೂಗಿಗೆ ಹಿಡಿದರೂ ಸಂಖ್ಯೆ ಹೇಳುತ್ತೇನೆ. ಆದರೆ ಒಳಗಿರುವುದರ ನಿಜವಾದ ಹೆಸರೇನು ಎಂದು ಯಾರಾದರೂ ಕೇಳಿದ್ದರೆ ಬೆಪ್ಪಾಗಿ ನಿಲ್ಲುತ್ತಿದ್ದೆ. ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಈಗ ಆ ಕ್ರೀಮಿನ ಕಥೆ. ಎಣ್ಣೆ, ಮೇಣ, ನೀರು ಸೇರಿಸಿ ಕಡೆದ ಬರೀ ಕ್ರೀಮಿಗೆ ಅದರದೇ ಒಂದು ವಾಸನೆ ಇರುತ್ತದೆ, ಮಳೆಯಲ್ಲಿ ನೆನೆದ ಹಗ್ಗದ ಹಾಗೆ. ವಾಸನೆ ಬೇಡ ಎನ್ನುವ ಗಿರಾಕಿಗೆ ಆ ವಾಸನೆಯೂ ಬೇಡ. ಡಬ್ಬಿ ತೆರೆದು ಮೂಸಿ, ಕೆಟ್ಟಿದೆ ಎಂದು ವಾಪಸ್ ಕಳಿಸುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ನಮ್ಮ ಮುಖ್ಯಸ್ಥೆ ನನ್ನನ್ನು ಕರೆದು, "ಮೂಗಿಗೆ ಏನೂ ಸಿಗಬಾರದು, ಹಾಗೆ ಮಾಡಿ" ಎಂದರು. ಇವರನ್ನು ನಾವು ಬೆನ್ನ ಹಿಂದೆ ತಕ್ಕಡಿ ಎನ್ನುತ್ತೇವೆ, ಮಾತನ್ನೂ ತೂಗಿಯೇ ಹೊರಗೆ ಬಿಡುವವರು. ಏಳು ತಿಂಗಳು ಒದ್ದಾಡಿದೆ. ಕೊನೆಗೆ ಏಳು ಬಾಟಲಿಗಳಿಂದ ಹನಿಹನಿ ಸೇರಿಸಿ ಹಗ್ಗದ ವಾಸನೆಯನ್ನು ಒಂದು ಕಡೆಯಿಂದ ಅದುಮಿ, ಇನ್ನೊಂದು ಕಡೆಯಿಂದ ಸವರಿ, ಏನೂ ಇಲ್ಲದ ಹಾಗೆ ಮಾಡಿದೆ. ಬೇರೆಯವರು ಗುಲಾಬಿ ಮಾಡಿದರು, ಮಲ್ಲಿಗೆ ಮಾಡಿದರು. ನಾನು ಶೂನ್ಯ ಮಾಡಿದೆ. ಎಷ್ಟು ಹೆಮ್ಮೆಯಿತ್ತು ಗೊತ್ತಾ? ಮೊದಲ ಡಬ್ಬಿಯನ್ನು ನಿನಗೇ ಕಳಿಸಿದ್ದೆ.

ಅಂಗಡಿಗೆ ಹೋಗುವ ಡಬ್ಬಿಗೆ ರಟ್ಟಿನ ಪೆಟ್ಟಿಗೆ ಇರುತ್ತದೆ. ಮುಂದೆ ದಪ್ಪ ಅಕ್ಷರದಲ್ಲಿ ವಾಸನೆರಹಿತ ಎಂದಿದ್ದರೆ, ಹಿಂದೆ ಇರುವೆ ಸಾಲಿನಂಥ ಅಕ್ಷರಗಳ ಕಟ್ಟಕಡೆಗೆ 'ಪರಿಮಳ' ಎಂಬ ಒಂದು ಪದ ಇರುತ್ತದೆ. ಏಳೂ ಬಾಟಲಿಗಳು ಆ ಒಂದು ಪದದೊಳಗೆ ಮುದುಡಿ ಕೂತಿವೆ. ಕಾನೂನಿಗೆ ಅಷ್ಟು ಸಾಕು. ನಿನಗೆ ಆ ಪದವೂ ಸಿಗಲಿಲ್ಲ, ಯಾಕೆಂದರೆ ನಾನು ಕಳಿಸುತ್ತಿದ್ದದ್ದು ನೌಕರರಿಗೆ ಕೊಡುವ ಪೆಟ್ಟಿಗೆಯಿಲ್ಲದ ಬೋಳು ಡಬ್ಬಿ.

ಇದರಲ್ಲಿ ಎಲ್ಲವೂ ವಿಷ ಎಂದು ನೀನು ಅಂದುಕೊಳ್ಳಬೇಡ. ಸಾವಿರಾರು ಜನ ಹಚ್ಚಿಕೊಳ್ಳುತ್ತಾರೆ, ಅವರಿಗೆ ಒಂದು ಗುಳ್ಳೆಯೂ ಏಳುವುದಿಲ್ಲ. ಕೆಲವರ ಮೈ ಮಾತ್ರ ಹತ್ತು ವರ್ಷ ಸುಮ್ಮನಿದ್ದು ಒಂದು ದಿನ ಬೇಡ ಎನ್ನುತ್ತದೆ. ಒಮ್ಮೆ ಬೇಡ ಎಂದರೆ ಮುಗಿಯಿತು, ಆಮೇಲೆ ಸಾಸಿವೆಯಷ್ಟು ಸೋಕಿದರೂ ಅದಕ್ಕೆ ನೆನಪಿರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರ ವಿಷಯ ಹಿಂದೆ ಬರೆದಿದ್ದೆನಲ್ಲ, ದೊಡ್ಡಮೂಗಿನವರು, ಅವರಿಗೆ ಐವತ್ತರ ಹತ್ತಿರ ಕೈ ಒಡೆಯತೊಡಗಿತು. ತೋರಿಸಿದ ಮರುದಿನವೇ ಮಿಶ್ರಣದ ಕೋಣೆಯಿಂದ ಅವರನ್ನು ರಟ್ಟಿನ ಪೆಟ್ಟಿಗೆ ಮಡಚುವ ಕಡೆಗೆ ಹಾಕಿದರು. ಅವರ ಒಳ್ಳೆಯದಕ್ಕೇ ಹಾಕಿದ್ದು, ನಿಯಮವೇ ಹಾಗಿದೆ. ಆದರೆ ಆ ಮನುಷ್ಯ ಪೆಟ್ಟಿಗೆ ಮಡಚುತ್ತ ಗೋಡೆ ನೋಡುತ್ತಿದ್ದದ್ದನ್ನು ನಾನು ಮರೆತಿಲ್ಲ. ವರ್ಷ ತುಂಬುವ ಮೊದಲೇ ಬಿಟ್ಟು ಹೋದರು.

ಹಾಂ, ನಿನ್ನ ಮಗಳು ಈಗಲೂ ಅರ್ಧ ಬಾಟಲಿ ಸ್ಪ್ರೇ ಸುರಿದುಕೊಂಡೇ ಕಾಲೇಜಿಗೆ ಹೋಗುತ್ತಾಳಾ? ಕಳೆದ ಸಲ ಬಂದಾಗ ಅವಳಿಗಿಂತ ಐದು ನಿಮಿಷ ಮೊದಲು ಅವಳ ಸೆಂಟು ಮೆಟ್ಟಿಲು ಹತ್ತಿ ಬಂದಿತ್ತು. ಪರಿಮಳ ಹೆಚ್ಚು ಹೊತ್ತು ನಿಲ್ಲಲೆಂದು ಬೆರೆಸುವ ಕೆಲವು ರಾಸಾಯನಿಕಗಳು ಮೈಯ ಹಾರ್ಮೋನುಗಳ ಲೆಕ್ಕ ತಪ್ಪಿಸಬಹುದು ಎಂದು ಕೆಲವರು ಹೇಳುತ್ತಾರೆ, ಅಷ್ಟು ಕಡಿಮೆ ಪ್ರಮಾಣದಲ್ಲಿ ಏನೂ ಆಗದು ಎಂದು ಇನ್ನು ಕೆಲವರು. ಯಾರು ಸರಿ ಎಂದು ನನಗೆ ತಿಳಿಯದು. ಚರ್ಮಕ್ಕೆ ಬೇಡ, ಬೇಕಾದರೆ ಬಟ್ಟೆಗೆ ಒಂದು ಹನಿ ಹಾಕಿಕೋ ಎಂದು ಹೇಳು. ದೊಡ್ಡಮ್ಮ ಹೇಳಿದಳು ಎನ್ನಬೇಡ, ಆಗ ಎರಡು ಹನಿ ಹಾಕಿಕೊಳ್ಳುತ್ತಾಳೆ.

ನಿನ್ನ ಪತ್ರ ಬಂದ ಮೇಲಿನ ಮೊದಲ ಎರಡು ವಾರ ಹೇಡಿತನದಲ್ಲಿ ಕಳೆದೆ. ಮೂರನೆಯ ವಾರ ಧೈರ್ಯ ಮಾಡಿ ತಕ್ಕಡಿಯವರ ಮೇಜಿನ ಮುಂದೆ ನಿಂತೆ.

"ಆ ವಾಸನೆರಹಿತ ಕ್ರೀಮಿನ ಏಳು ಬಾಟಲಿ ಏನೇನು ಅಂತ ಒಬ್ಬರು ಡಾಕ್ಟರಿಗೆ ಬೇಕಾಗಿತ್ತು" ಎಂದೆ.

"ಯಾರಿಗೋಸ್ಕರ?"

"ಹಚ್ಚೋರು ಒಬ್ಬರಿಗೆ. ಕೈ ಒಡೆದಿದೆ."

"ದೂರು ಬರವಣಿಗೆಯಲ್ಲಿ ಬಂದಿದ್ಯಾ?"

"ಇಲ್ಲ."

"ಬಂದ್ರೆ ನೋಡೋಣ. ಬರೋವರೆಗೂ ಸೂತ್ರ ಹೊರಗೆ ಕೊಡೋ ಹಾಗಿಲ್ಲ. ನಿಮಗೆ ನಾನು ಹೇಳಬೇಕಾ?" ಎಂದು ಕಾಗದಗಳ ಕಡೆ ತಿರುಗಿದರು. ನಾನು ಬಾಗಿಲಿಗೆ ಬಂದಾಗ ತಲೆಯೆತ್ತದೆ ಕೇಳಿದರು, "ಇತ್ತೀಚೆಗೆ ಊಟದ ಕೋಣೆಯಲ್ಲೂ ಗ್ಲೌಸ್ ತೆಗೆಯಲ್ವಂತೆ?"

"ಚಳಿ" ಎಂದೆ. ಅವರು ಕೆಟ್ಟವರಲ್ಲ ಕುಳ್ಳಿ. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ಅದೇ ಕಷ್ಟ.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಗೋದಾಮಿಗೆ ಹೋಗುವುದೆಂದು ತೀರ್ಮಾನಿಸಿದೆ. ಬೇರೆ ಬೇರೆ ಕಡೆಯಿಂದ ಡ್ರಮ್ಮುಗಳು ಬರುವುದು ಗುರುವಾರ. ಬಂದಾಗ ಅವುಗಳ ಮೇಲೆ ನಿಜವಾದ ಹೆಸರು ಇರುತ್ತದೆ. ಗೋದಾಮು ನೋಡಿಕೊಳ್ಳುವ ಹಿರಿಯ, ಎಲ್ಲರ ಬಾಯಲ್ಲಿ ಬೀಗಣ್ಣ, ಊಟವಾದ ಮೇಲೆ ಒಂದೊಂದಕ್ಕೇ ಸಂಖ್ಯೆಯ ಚೀಟಿ ಅಂಟಿಸಿ ಹೆಸರಿನ ಮೇಲೆ ಕಪ್ಪು ಮಸಿ ಬಳಿಯುತ್ತಾನೆ. ಅಂದರೆ ವಾರಕ್ಕೆ ಒಂದು ದಿನ, ಊಟದ ಅರ್ಧ ಗಂಟೆ, ಹೆಸರುಗಳು ಬೆತ್ತಲಾಗಿರುತ್ತವೆ. ಯಾವ ಹೆಸರು ಯಾವ ಸಂಖ್ಯೆಯದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮುಚ್ಚಳದ ಹತ್ತಿರ ಮೂಗು ಒಯ್ದರೆ ಸಾಕು.

ಮೊದಲ ಗುರುವಾರ ಮೂರು ಸಿಕ್ಕಿದವು. ಮೂಗು ನಿರಾಳವಾಗಿ ಕೆಲಸ ಮಾಡಿತು. ಹೆಚ್ಚಿದ ಸೌತೆಕಾಯಿಯಂಥದ್ದು ಒಂಬತ್ತು. ಈಗಷ್ಟೆ ತೊಳೆದಿಟ್ಟ ಗಾಜಿನ ಲೋಟದಂಥದ್ದು ನಲವತ್ತೆರಡು. ಬೆಳಗಿನ ಹಸಿ ಹೂವಿನ ತಣ್ಣನೆಯ ವಾಸನೆ ಹದಿನೇಳು, ನನ್ನ ಅತ್ಯಂತ ಪ್ರೀತಿಯ ಬಾಟಲಿ. ಅದರ ಹೆಸರು ಹೈಡ್ರಾಕ್ಸಿಸಿಟ್ರೋನೆಲಾಲ್ ಅಂತೆ. ಹದಿನೆಂಟು ವರ್ಷ ಜೊತೆಗಿದ್ದವರ ಹೆಸರು ಆವತ್ತು ತಿಳಿಯಿತು. ಗೇಟಿನಲ್ಲಿ ಚೀಲ, ಜೇಬು, ಕಾಗದ ಎಲ್ಲ ತಡಕುತ್ತಾರೆ. ಅದಕ್ಕೆ ಎಡಗೈ ಗ್ಲೌಸಿನ ಒಳಮೈ ಮೇಲೆ ಪೆನ್ನಿನಲ್ಲಿ ಬರೆದು, ಮತ್ತೆ ಹಾಕಿಕೊಂಡು ಹೊರಬಂದೆ. ಕಾವಲಿನವನು, "ಏನ್ ಮೂಗಮ್ಮ, ಗ್ಲೌಸ್ ಸಮೇತ ಮನೆಗಾ?" ಎಂದು ನಕ್ಕ. ನಾನೂ ನಕ್ಕೆ. ಬಸ್ಸು ಹತ್ತಿ ಕೂತ ಮೇಲೂ ಗ್ಲೌಸು ತೆಗೆಯಲಿಲ್ಲ.

ಎರಡನೆಯ ಗುರುವಾರ ಮೂರು. ಉಳಿದದ್ದು ಒಂದೇ, ಮೂವತ್ತೊಂದು. ಏಳರಲ್ಲಿ ಅದೇ ಮುಖ್ಯವಾದದ್ದು, ಉಳಿದ ಆರನ್ನೂ ಹಿಡಿದು ಕಟ್ಟುವುದು. ಮೊನ್ನೆ ಗುರುವಾರ ಅದನ್ನು ಹುಡುಕುತ್ತ ಡ್ರಮ್ಮುಗಳ ನಡುವೆ ಬಗ್ಗಿದ್ದಾಗ ಹಿಂದಿನಿಂದ ಕೆಮ್ಮು ಕೇಳಿಸಿತು.

"ಊಟ ಮಾಡ್ಲಿಲ್ವಾ ಮೂಗಮ್ಮ?"

ಬೀಗಣ್ಣ ಮಸಿಯ ಕುಂಚ ಹಿಡಿದು ನಿಂತಿದ್ದ. ನಾನು ಎಡಗೈ ಗ್ಲೌಸು ಕಳಚಿ ತಿರುವಿ ಹಿಡಿದಿದ್ದೆ, ಹಿಂದೆ ಬರೆದ ಅಕ್ಷರಗಳು ಕಾಣುತ್ತಿದ್ದವು. ಅವನ ಕಣ್ಣು ಗ್ಲೌಸಿನಿಂದ ನನ್ನ ಬರಿಗೈಗೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಈ ಸಲ ನೆಪ ಹೇಳಲಿಲ್ಲ.

"ಮೂವತ್ತೊಂದು ಹುಡುಕ್ತಿದೀನಿ. ನನ್ನ ತಂಗಿ ಕೈ ಒಡೆದಿದೆ. ಡಾಕ್ಟರಿಗೆ ಹೆಸರು ಬೇಕು."

ಅವನು ಕುಂಚ ಕೆಳಗಿಟ್ಟ. ಮೂಲೆಯ ಒಂದು ನೀಲಿ ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಹೆಸರಿನ ಮುಖ ನನ್ನ ಕಡೆ ಬರುವ ಹಾಗೆ ತಿರುಗಿಸಿದ. "ಗಾಳಿ ಜಾಸ್ತಿಯಾಯ್ತು, ಬಾಗಿಲು ಹಾಕ್ಕೊಂಡ್ ಬರ್ತೀನಿ" ಎಂದು ಹೋದ. ಬಾಗಿಲು ಹಾಕಲು ಅವನಿಗೆ ಹತ್ತು ನಿಮಿಷ ಹಿಡಿಯಿತು.

ಡ್ರಮ್ಮಿನ ಮೇಲೆ ಕಳಿಸಿದವರ ಗುರುತು, ತೂಕ, ಅವರದೇ ಒಂದು ಸಂಖ್ಯೆ ಇತ್ತು. ಅದರ ಕೆಳಗೆ 'ಪರಿಮಳ ಮಿಶ್ರಣ' ಎಂದಷ್ಟೇ ಇತ್ತು. ಸುತ್ತಲೂ ತಿರುಗಿ ನೋಡಿದೆ, ಬಗ್ಗಿ ತಳ ನೋಡಿದೆ. ಬೇರೆ ಒಂದಕ್ಷರವಿಲ್ಲ.

ವಾಪಸ್ ಬಂದ ಬೀಗಣ್ಣ, "ಅದು ಹೀಗೇ ಬರೋದು. ಅವರ ಗುಟ್ಟು ನಮಗೂ ಹೇಳಲ್ಲ. ತಕ್ಕಡಿಯವರಿಗೂ ಗೊತ್ತಿರಲಿಕ್ಕಿಲ್ಲ" ಎಂದ. ಆಮೇಲೆ ಕುಂಚ ಅದ್ದಿ, ಆ ಪದಗಳ ಮೇಲೂ ಮಸಿ ಬಳಿದ. ಮುಚ್ಚುವುದಕ್ಕೆ ಏನೂ ಇರಲಿಲ್ಲ, ಆದರೂ ಬಳಿದ.

ಹಾಗಾಗಿ ಹಾಳೆಯಲ್ಲಿ ಆರು ಹೆಸರಿವೆ. ಏಳನೆಯ ಸಾಲಿನಲ್ಲಿ 'ಗೊತ್ತಿಲ್ಲ' ಎಂದು ಬರೆದಿದ್ದೇನೆ. ಅದಕ್ಕೇ ಡಬ್ಬಿ ಒಯ್ಯಿ ಎಂದದ್ದು. ಡಾಕ್ಟರಮ್ಮ ಕ್ರೀಮನ್ನೇ ನಿನ್ನ ಬೆನ್ನಿಗೆ ಹಚ್ಚಿ ನೋಡಲಿ, ಏಳನೆಯದು ಅಡಗಿಕೊಳ್ಳಲು ಜಾಗವಿರುವುದಿಲ್ಲ. ಅಷ್ಟರಲ್ಲಿ ಕೈಗೆ ಏನು ಹಚ್ಚಬೇಕೆಂದು ಅವರನ್ನೇ ಕೇಳು, ನನ್ನನ್ನು ಕೇಳಬೇಡ. ಮಾಲಕಿಗೂ ಹೇಳು, ಕಾರಣ ಕತ್ತರಿಯಲ್ಲ, ಕುರ್ಚಿಯಲ್ಲ, ಮನೆಯಲ್ಲಿದ್ದ ಒಂದು ಡಬ್ಬಿ ಇರಬಹುದು, ಇನ್ನೊಂದು ತಿಂಗಳು ತಾಳಿ ಎಂದು. ಬೇಕಾದರೆ ಅವಳಿಗೆ ನಾನೇ ಫೋನ್ ಮಾಡುತ್ತೇನೆ. ಬೇಲಿಯೇ ಎದ್ದು ಹೊಲ ಮೇಯಿತು, ಹೊಲದ ತಪ್ಪಿಲ್ಲ ಎಂದು ಹೇಳುತ್ತೇನೆ.

ತಕ್ಕಡಿಯವರು ಬರವಣಿಗೆಯಲ್ಲಿ ದೂರು ಬೇಕು ಎಂದಿದ್ದರಲ್ಲ, ನಿನ್ನೆ ಕೂತು ಬರೆದಿದ್ದೇನೆ. ಸೋಮವಾರ ಅವರ ಮೇಜಿನ ಮೇಲಿಡುತ್ತೇನೆ. ಮೂವತ್ತೊಂದರಲ್ಲಿ ಏನಿದೆ ಎಂದು ಕಳಿಸಿದವರನ್ನು ಕೇಳಿ, ಪೆಟ್ಟಿಗೆಯ ಮುಂದಿನ ದಪ್ಪ ಅಕ್ಷರ ತೆಗೆಯಿರಿ, ಹಗ್ಗದ ವಾಸನೆ ಬಂದರೆ ಬರಲಿ ಎಂದು ಬರೆದಿದ್ದೇನೆ. ಬೀಗಣ್ಣನ ಹೆಸರು ಎಲ್ಲೂ ಎತ್ತಿಲ್ಲ. ಆಮೇಲೆ ನನ್ನನ್ನು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ಪೆಟ್ಟಿಗೆ ಮಡಚುವುದು ನನಗೂ ಬರುತ್ತದೆ.

ನಿನ್ನ ಕೈ ಬೇಗ ಮಾಗಲಿ. ಕತ್ತರಿ ಹಿಡಿದಾಗ ನೋವಿಲ್ಲದಿರಲಿ. ಕುರ್ಚಿಯ ಹಿಂದೆ ನಿಂತು ನೀನು ಗಿರಾಕಿಗಳಿಗೆ ಊರ ಸುದ್ದಿ ಹೇಳುತ್ತ ನಗುವುದು ಇನ್ನೂ ಇಪ್ಪತ್ತೊಂದು ವರ್ಷ ನಡೆಯಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಮಗಳಿಗೆ ಆಶೀರ್ವಾದ. ಬೈದು ಬರೆ, ಪರವಾಗಿಲ್ಲ, ಆದರೆ ಬರೆ.

ನಿನ್ನ ಅಕ್ಕ

ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು.

ದೂರಿನಲ್ಲಿ ಎರಡು ಹೆಸರಿವೆ. ಒಂದು ನಿನ್ನದು, ಇನ್ನೊಂದು ನನ್ನದು. ನನ್ನ ಕೈ ಒಡೆಯತೊಡಗಿ ಎರಡು ವರ್ಷವಾಯಿತು. ತೋರಿಸಿದರೆ ದೊಡ್ಡಮೂಗಿನವರ ಹಾಗೆ ಕೋಣೆಯಿಂದ ಹೊರಗೆ ಹಾಕುತ್ತಾರೆಂದು ಗ್ಲೌಸು ಹಾಕಿಕೊಂಡೆ. ಗ್ಲೌಸಿನೊಳಗೂ ವಾಸಿಯಾಗದಿದ್ದಾಗ, ಒಂದು ದಿನ ನಮ್ಮ ಕ್ರೀಮು ಹಚ್ಚುವುದನ್ನು ಬಿಟ್ಟು ನೋಡಿದೆ. ಮೂರು ವಾರದಲ್ಲಿ ಅರ್ಧಕ್ಕರ್ಧ ಮಾಗಿತು. ಆಗಲೇ ನನಗೆ ಗೊತ್ತಾಯಿತು. ಅದು ನನ್ನ ಮೈಯದು ಮಾತ್ರ, ಬಾಟಲಿಗಳ ನಡುವೆ ಇರುವವಳಿಗೆ ಮಾತ್ರ ಹೀಗೆ, ದೂರದಲ್ಲಿರುವ ನಿನಗೆ ಏನೂ ಆಗದು ಎಂದು ನನಗೆ ನಾನೇ ಹೇಳಿಕೊಂಡೆ. ಕಳಿಸುವುದನ್ನು ನಿಲ್ಲಿಸಿದರೆ ಯಾಕೆ ಎಂದು ನೀನು ಕೇಳುತ್ತಿದ್ದೆ. ಇನ್ನೂ ಒಂದಿದೆ. ತಿಂಗಳಿಗೊಂದು ಡಬ್ಬಿ ಕಳಿಸಿದರೆ ತಿಂಗಳಿಗೊಂದು ಕಾಗದ ಬರುತ್ತಿತ್ತು, ನನಗೆ ಬರುವ ಕಾಗದ ಅದೊಂದೇ.

ನಾನು ಹಚ್ಚುವುದನ್ನು ಬಿಟ್ಟ ಮೇಲೆ ನಿನಗೆ ಕಳಿಸಿದ ಡಬ್ಬಿಗಳು ಹತ್ತೊಂಬತ್ತು. ಪ್ರತಿ ಡಬ್ಬಿ ತಲುಪಿದಾಗಲೂ ನೀನು ಕೊನೆಯ ಸಾಲಿನಲ್ಲಿ ಕೇಳುತ್ತಿದ್ದೆ, ಅಕ್ಕ, ನನಗೆ ಕೊಟ್ಟು ನೀನು ಹಚ್ಚಿಕೊಳ್ತೀಯೋ ಇಲ್ವೋ ಎಂದು. ಹಚ್ಚಿಕೊಳ್ತೀನಿ ಎಂದೇ ಬರೆದೆ.